ಕಂಬದ ತುದಿ ನೋಡಲು ತಂದ ಬೈನಾಕ್ಯುಲರ್: ಎರಡು ವರ್ಷ ಬಳಸಿದ ಮೇಲೆ

ನಾನು ಮಧುಗಿರಿ ತಾಲ್ಲೂಕಿನಲ್ಲಿ ಲೈನ್‌ಮ್ಯಾನ್. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯಿತು. ಕೊಡಿಗೇನಹಳ್ಳಿ ಕಡೆಯ ಒಂದಷ್ಟು ಊರುಗಳ 11 ಕೆ.ವಿ. ಲೈನು, ಟಿ.ಸಿ. ಅನ್ನುವ ಟ್ರಾನ್ಸ್‌ಫಾರ್ಮರ್‌ಗಳು, ಹೊಲದ ಮೋಟರಿಗೆ ಹೋಗುವ ಕಂಬಗಳು ನನ್ನ ಪಾಲಿಗೆ ಬರುತ್ತವೆ. ಬಿಸಿಲಲ್ಲಿ ತಲೆ ಎತ್ತಿಕೊಂಡು ಮೇಲೆ ನೋಡುವುದೇ ನಮ್ಮ ಅರ್ಧ ಕೆಲಸ. ಅದಕ್ಕೇ ಅಂತ ಎರಡು ವರ್ಷದ ಹಿಂದೆ ತುಮಕೂರಿನ ಒಂದು ಕ್ಯಾಮೆರಾ ಅಂಗಡಿಯಿಂದ 8×42 ಅಳತೆಯ ಬೈನಾಕ್ಯುಲರ್ ತಂದೆ. 9,200 ರೂಪಾಯಿ. ಸ್ವಂತ ದುಡ್ಡು. ಮಳೆ, ಬಿಸಿಲು, ಧೂಳು ಎಲ್ಲದರಲ್ಲೂ ನನ್ನ ಬೈಕಿನ ಪೆಟ್ಟಿಗೆಯಲ್ಲಿ ಓಡಾಡಿದೆ. ಇದರ ಬಗ್ಗೆ ಬರೆಯಿರಿ ಅಂತ ಜೊತೆಯವರು ಕೇಳುತ್ತಲೇ ಇದ್ದರು.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಅಳತೆಯದು ನಾಲ್ಕೈದು ಕಂಪನಿಗಳಲ್ಲಿ ಸಿಗುತ್ತದೆ, ಬೆಲೆಯೂ ಆಸುಪಾಸು. ಏನು ನೋಡಿ ಕೊಳ್ಳಬೇಕು ಅಂತ ಗೊತ್ತಿದ್ದರೆ ಯಾವುದನ್ನು ತಂದರೂ ನಡೆಯುತ್ತದೆ.

ಇದನ್ನು ತರಬೇಕು ಅನ್ನಿಸಿದ್ದು ಒಂದು ಸತ್ತ ಹಕ್ಕಿಯಿಂದ. ಆಗ ನಮ್ಮ ಒಂದು ಫೀಡರ್ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಕರೆಂಟ್ ತರುವ ಲೈನು) ಸುಮ್‌ಸುಮ್ನೆ ಟ್ರಿಪ್ ಆಗುತ್ತಿತ್ತು, ಅಂದರೆ ತಾನೇ ಆಫ್ ಆಗುತ್ತಿತ್ತು. ಮಳೆ ಇಲ್ಲ, ಗಾಳಿ ಇಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಸಲ ಹೋಗುವುದು, ಮತ್ತೆ ಹಾಕಿದರೆ ಹೋಗದೆ ಉಳಿಯುವುದು. ವಾರ ಕಳೆದು ಮತ್ತೆ ಅದೇ. ಮೋಟರ್ ನಿಂತ ತಕ್ಷಣ ರೈತರ ಫೋನ್ ಶುರು. ಕಂಬ ಕಂಬ ನಡೆದುಕೊಂಡು ಹೋದೆ. ಕಡಲೆಕಾಯಿ ಹೊಲದ ಬದುವಿನ ಮೇಲೆ ಒಂದು ಕಂಬ ಇದೆ, ಅದರ ಬುಡದಲ್ಲಿ ದೊಡ್ಡ ಹಕ್ಕಿ ಬಿದ್ದಿತ್ತು. ಹೊಟ್ಟೆ ಬಿಳಿ, ಅದರ ಮೇಲೆ ಕಂದು ಪಟ್ಟೆ. ತಲೆ ಗೂಬೆಯದರ ಥರ ದಪ್ಪ. ಕಣ್ಣು ಹಳದಿ. ಎಡ ರೆಕ್ಕೆಯ ತುದಿ ಸುಟ್ಟು ಕರಿ ಆಗಿತ್ತು. ಕೋಲಿನಿಂದ ಎರಡೂ ರೆಕ್ಕೆ ಬಿಡಿಸಿ ನೋಡಿದೆ. ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ನನ್ನ ಎತ್ತರ.

ಹೊಲದ ಯಜಮಾನರು ಬಂದರು. "ಗಿಡ್ಗ ಬುಡಿ ಸ್ವಾಮಿ, ಕೋಳಿಮರಿ ಕಳ್ಳ" ಅಂದರು. ನಾನೂ ಅಲ್ಲಿಯವರೆಗೆ ಎಲ್ಲವನ್ನೂ ಗಿಡ್ಗ ಅಂತಲೇ ಕರೆಯುತ್ತಿದ್ದವನು. ಮನೆಗೆ ಬಂದು ಮಗಳ ಫೋನಿನಲ್ಲಿ ಫೋಟೊ ಹಾಕಿ ಹುಡುಕಿದೆವು. ಅದು ಹಾವು ತಿನ್ನುವ ಹದ್ದು. ಇಂಗ್ಲಿಷಿನಲ್ಲಿ ಶಾರ್ಟ್ ಟೋಡ್ ಸ್ನೇಕ್ ಈಗಲ್ ಅನ್ನುತ್ತಾರೆ. ಅದರ ಊಟ ಮುಖ್ಯವಾಗಿ ಹಾವು. ಆ ಹೊಲದಲ್ಲಿ ಕೊಳಕುಮಂಡಲದ ಭಯಕ್ಕೆ ರಾತ್ರಿ ನೀರು ಬಿಡಲು ಹೋಗುವವರು ಟಾರ್ಚ್ ಜೊತೆ ದೊಣ್ಣೆ ಹಿಡಿದು ಹೋಗುತ್ತಾರೆ. ಅಂಥ ಕಡೆ ಹಾವು ಹಿಡಿಯುವ ಹಕ್ಕಿ ನಮ್ಮ ಕಂಬಕ್ಕೆ ತಗುಲಿ ಸತ್ತಿತ್ತು. ಆ ಸಂಕಟ ನನಗೆ ಬಹಳ ದಿನ ಹೋಗಲಿಲ್ಲ.

ಹಕ್ಕಿಗೆ ಕರೆಂಟ್ ಹೊಡೆಯುವುದು ಹೇಗೆ ಅಂತ ಜಾಸ್ತಿ ಜನಕ್ಕೆ ತಿಳಿದಿಲ್ಲ. ಕಾಗೆ, ಗುಬ್ಬಿ, ಗಿಳಿ ತಂತಿ ಮೇಲೆ ಸಾಲಾಗಿ ಕೂರುತ್ತವೆ, ಏನೂ ಆಗುವುದಿಲ್ಲ. ಎರಡು ಕಾಲೂ ಒಂದೇ ತಂತಿಯ ಮೇಲೆ ಇರುತ್ತವೆ, ಮೈಯೊಳಗೆ ಕರೆಂಟ್ ಹರಿಯಲು ದಾರಿ ಇಲ್ಲ. ದೊಡ್ಡ ಹಕ್ಕಿಯದು ಬೇರೆ ಕಥೆ. ಅದು ಕೂರುವುದು ಕಂಬದ ತುದಿಯ ಕಬ್ಬಿಣದ ಕ್ರಾಸ್ ಆರ್ಮ್ ಮೇಲೆ. ಅದಕ್ಕೆ ಅರ್ಥ್ ಇರುತ್ತದೆ, ಅಂದರೆ ನೆಲಕ್ಕೆ ಸಂಪರ್ಕ. ಹಾರಲು ರೆಕ್ಕೆ ಬಿಚ್ಚಿದಾಗ ತುದಿ ಹೋಗಿ ತಂತಿಗೋ ಜಂಪರಿಗೋ (ತಂತಿಗೆ ತಂತಿ ಸೇರಿಸುವ ತುಂಡು) ತಾಗಿದರೆ ಮುಗಿಯಿತು. ಕೆಲವು ಸಲ ಎರಡು ಫೇಸಿಗೂ, ಅಂದರೆ ಎರಡು ಬೇರೆ ಬೇರೆ ಕರೆಂಟ್ ತಂತಿಗೂ ತಾಗುತ್ತದೆ. ಮಾಮೂಲಿ ಹದ್ದಿನ ಬಿಚ್ಚಿದ ರೆಕ್ಕೆಯೇ ತುದಿಯಿಂದ ತುದಿಗೆ ಒಂದೂವರೆ ಮೀಟರ್ ಹತ್ತಿರ ಇರುತ್ತದೆ. ಈ ಹಾವಿನ ಹದ್ದಿನದು ಇನ್ನೂ ಉದ್ದ. ನಮ್ಮ ಕಂಬದ ಮೇಲೆ ಅಷ್ಟು ಜಾಗ ಎಲ್ಲಿದೆ? ಹಕ್ಕಿ ಬೀಳುತ್ತದೆ, ಫೀಡರ್ ಟ್ರಿಪ್ ಆಗುತ್ತದೆ, ಮತ್ತೆ ಹಾಕಿದರೆ ಹೋಗದೆ ಉಳಿಯುತ್ತದೆ. ಬಿದ್ದ ಹಕ್ಕಿಯನ್ನು ರಾತ್ರಿಗೆ ನಾಯಿಯೋ ನರಿಯೋ ಎಳೆದುಕೊಂಡು ಹೋಗುತ್ತದೆ. ನಮಗೆ ಕಾರಣವೇ ಸಿಗುವುದಿಲ್ಲ.

ಆ ದಿನ ಕೆಳಗೆ ನಿಂತು ಎಷ್ಟು ನೋಡಿದರೂ ಕಂಬದ ತುದಿಯಲ್ಲಿ ಏನಾಗಿದೆ ಅಂತ ಬರಿಗಣ್ಣಿಗೆ ಕಾಣಲಿಲ್ಲ. ಪ್ರತಿ ಕಂಬಕ್ಕೂ ಎಲ್.ಸಿ. (ಲೈನ್ ಆಫ್ ಮಾಡಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಹತ್ತಿ ನೋಡುತ್ತಾ ಕೂತರೆ ಊರಿಗೆಲ್ಲ ಕರೆಂಟ್ ಇಲ್ಲ. ಆಗ ಬೈನಾಕ್ಯುಲರ್ ಯೋಚನೆ ಬಂತು.

ಮೊದಲು ತಪ್ಪು ಮಾಡಿದೆ. ಆನ್‌ಲೈನಿನಲ್ಲಿ "100 ಪಟ್ಟು" ಅಂತ ಬರೆದಿದ್ದ ಒಂದನ್ನು 1,100 ರೂಪಾಯಿಗೆ ತರಿಸಿದೆ. ಹಿಡಿದು ನೋಡಿದರೆ ಒಂದು ಕಂಬ ಎರಡಾಗಿ ಕಾಣುತ್ತಿತ್ತು. ಎರಡು ನಳಿಗೆಯೂ ಒಂದೇ ಕಡೆಗೆ ನೋಡುತ್ತಿರಲಿಲ್ಲ. ಐದು ನಿಮಿಷಕ್ಕೆ ತಲೆನೋವು. ಎಲ್ಲದರ ಅಂಚಿಗೂ ನೇರಳೆ ಬಣ್ಣ. ಅದನ್ನು ಮನೆಯಲ್ಲೇ ಇಟ್ಟೆ. ಕೈಯಲ್ಲಿ ಹಿಡಿದು ನೋಡುವ ಬೈನಾಕ್ಯುಲರ್‌ಗೆ ಏಳರಿಂದ ಹತ್ತು ಪಟ್ಟು ಸಾಕು, ಅದಕ್ಕಿಂತ ಜಾಸ್ತಿ ಆದರೆ ಕೈ ನಡುಗುವುದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದನ್ನು ಆಮೇಲೆ ತಿಳಿದುಕೊಂಡೆ. ಜೂಮ್ ಇರುವುದು, ಮೇಲೆ ಕೆಂಪು ಹೊಳೆಯುವ ಗಾಜಿನದು, ನೂರು ಪಟ್ಟು ಅನ್ನುವುದು, ಇವುಗಳಿಗೆ ದುಡ್ಡು ಹಾಕಬೇಡಿ.

8×42 ಅಂದರೆ ಏನು? ಎಂಟು ಅಂದರೆ ಎಂಟು ಪಟ್ಟು ಹತ್ತಿರ. ಎಂಬತ್ತು ಮೀಟರ್ ಆಚೆ ಕೂತ ಹಕ್ಕಿ ಹತ್ತು ಮೀಟರ್‌ನಲ್ಲಿ ಕೂತಂತೆ. ನಲವತ್ತೆರಡು ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನಲವತ್ತೆರಡನ್ನು ಎಂಟರಿಂದ ಭಾಗಿಸಿದರೆ ಐದೂಕಾಲು. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರ್. ಇದು ಕಡಿಮೆ ಆದಷ್ಟೂ ಮುಸ್ಸಂಜೆಯಲ್ಲಿ ಮಬ್ಬು. 10×42ರಲ್ಲಿ ಅದು ನಾಲ್ಕು ಚಿಲ್ಲರೆ ಅಷ್ಟೇ. ಹಕ್ಕಿ ನೋಡುವ ಜನ ಹತ್ತು ಪಟ್ಟಿನದನ್ನೂ ಇಷ್ಟಪಡುತ್ತಾರೆ. ನಮ್ಮಂಥವರಿಗೆ, ಬೈಕ್ ಇಳಿದ ಕೂಡಲೇ ಏದುಸಿರಲ್ಲಿ ಎತ್ತಿ ಹಿಡಿಯುವವರಿಗೆ, ಎಂಟೇ ಸರಿ. ಕೈ ನಡುಗಿದರೂ ಚಿತ್ರ ನಿಲ್ಲುತ್ತದೆ. ನೋಟ ಅಗಲ ಇರುವುದರಿಂದ ಹಾರುವ ಹಕ್ಕಿಯನ್ನು ಬೇಗ ಹುಡುಕಬಹುದು.

ಅಂಗಡಿಯ ಹುಡುಗ ತಾಳ್ಮೆಯವನು. ಮೂರು ನಮೂನೆ ತೆಗೆದು ಕೊಟ್ಟು, ಹೊರಗೆ ರಸ್ತೆಗೆ ಹೋಗಿ ನೋಡಿ ಅಂದ. ಇದು ಮುಖ್ಯ. ಅಂಗಡಿಯ ಒಳಗೆ ಗೋಡೆ ನೋಡಿ ಕೊಳ್ಳಬೇಡಿ. ನಾನು ರಸ್ತೆ ಆಚೆಯ ಬೋರ್ಡ್ ನೋಡಿದೆ, ಅಕ್ಷರದ ಅಂಚಿಗೆ ಬಣ್ಣ ಸೋರುತ್ತದಾ ಅಂತ. ಆಮೇಲೆ ಒಂದು ಕಂಬವನ್ನು ನೋಟದ ನಡುವಿನಿಂದ ಅಂಚಿನ ತನಕ ಸರಿಸಿದೆ, ಅಂಚಿಗೆ ಬಂದಾಗ ಎಷ್ಟು ಬಾಗುತ್ತದೆ, ಎಷ್ಟು ಮಬ್ಬಾಗುತ್ತದೆ ಅಂತ. ಇನ್ನೊಂದು ಉಪಾಯ ಅವನೇ ಹೇಳಿಕೊಟ್ಟ. ಬೈನಾಕ್ಯುಲರನ್ನು ಕೈ ಉದ್ದಕ್ಕೆ ಚಾಚಿ ಹಿಡಿದು, ಕಣ್ಣಿಡುವ ಕಡೆಯಿಂದ ಬೆಳಕಿನ ಬಿಲ್ಲೆ ನೋಡುವುದು. ಪೂರ್ತಿ ದುಂಡಗೆ ಇದ್ದರೆ ಒಳಗಿನ ಪ್ರಿಸಂ ಒಳ್ಳೆಯದು. ಅಂಚು ಕತ್ತರಿಸಿದಂತೆ ಚೌಕ ಚೌಕ ಕಂಡರೆ ಅಗ್ಗದ್ದು. ಮೂರರಲ್ಲಿ ಒಂದು ಅಲ್ಲೇ ಬಿತ್ತು.

ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಿ. ಕಣ್ಣಿಡುವ ರಬ್ಬರ್ ಬಟ್ಟಲು ತಿರುಗಿಸಿ ಒಳಗೆ ಇಳಿಸುವಂತಿರಬೇಕು. ಕಣ್ಣು ಗಾಜಿನಿಂದ ಎಷ್ಟು ದೂರ ಇದ್ದರೂ ನೋಟ ಪೂರ್ತಿ ಕಾಣುತ್ತದೆ ಅನ್ನುವುದನ್ನು ಐ ರಿಲೀಫ್ ಅಂತ ಬರೆದಿರುತ್ತಾರೆ, 15 ಮಿಲಿಮೀಟರಿಗಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ನೋಟದ ಸುತ್ತ ಕಪ್ಪು ಬಳೆ ಕಾಣುತ್ತದೆ.

ತಂದ ಮೇಲೆ ಬಹಳ ಜನ ಒಂದು ಕೆಲಸ ಮಾಡುವುದಿಲ್ಲ. ಬಲಗಣ್ಣಿನ ನಳಿಗೆಗೆ ಒಂದು ಬಳೆ ಇರುತ್ತದೆ. ಮೊದಲು ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಒಂದು ದೂರದ ಅಕ್ಷರವನ್ನು ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಆ ಬಳೆಯನ್ನು ಮಾತ್ರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಬೇಕು. ಒಂದು ಸಲ ಮಾಡಿದರೆ ಸಾಕು. ಇದನ್ನು ಮಾಡದೆ "ನನ್ನ ಕಣ್ಣಿಗೆ ಹೊಂದಲ್ಲ" ಅಂದವರಿಗೆ ನಾನೇ ಮಾಡಿಕೊಟ್ಟಿದ್ದೇನೆ.

ಕೆಲಸಕ್ಕೆ ಬಂತಾ? ಮೊದಲ ವಾರವೇ ಬಂತು. ಹದ್ದು ಸತ್ತ ಕಂಬದ ಕೆಳಗೆ ನಿಂತು ನೋಡಿದೆ. ನಡುವಿನ ಜಂಪರ್ ಕ್ರಾಸ್ ಆರ್ಮಿಗೆ ತುಂಬಾ ಹತ್ತಿರ ಹಾದು ಹೋಗಿತ್ತು. ಕಬ್ಬಿಣದ ಮೇಲೆ ಸುಟ್ಟ ಗುರುತು, ಪಕ್ಕದ ಪಿಂಗಾಣಿ ಇನ್ಸುಲೇಟರಿನ ಅಂಚಲ್ಲಿ ಕೂದಲೆಳೆಯಂಥ ಬಿರುಕು. ಫೋನಿನಲ್ಲಿ ಹಾಗೇ ಫೋಟೊ ಹಿಡಿದು ಎಸ್.ಓ. (ಸೆಕ್ಷನ್ ಆಫೀಸರ್) ಸಾಹೇಬರಿಗೆ ತೋರಿಸಿದೆ. ಎಲ್.ಸಿ. ತೆಗೆದುಕೊಂಡು ಪಿಂಗಾಣಿ ಬದಲಾಯಿಸಿದೆವು, ಜಂಪರ್ ದೂರಕ್ಕೆ ಕಟ್ಟಿ ಅದರ ಮೇಲೆ ಇನ್ಸುಲೇಷನ್ ಪೈಪ್ ಹಾಕಿದೆವು. ಅದೇ ಸಾಲಿನಲ್ಲಿ ಹಕ್ಕಿಗಳು ಯಾವ ಕಂಬದ ಮೇಲೆ ಕೂರುತ್ತವೆ ಅಂತ ಎರಡು ವಾರ ನೋಡಿದೆ. ಸುತ್ತ ಮರ ಇಲ್ಲದ, ದಿಬ್ಬದ ಮೇಲಿರುವ ನಾಲ್ಕು ಕಂಬಗಳೇ ಅವಕ್ಕೆ ಇಷ್ಟ. ಅಲ್ಲಿಂದ ಹೊಲ ಪೂರ್ತಿ ಕಾಣುತ್ತದೆ. ಆ ನಾಲ್ಕಕ್ಕೂ ಪೈಪ್ ಹಾಕಿದೆವು. ಆ ಕಂಬಗಳ ಬುಡದಲ್ಲಿ ಆಮೇಲೆ ಸತ್ತ ಹಕ್ಕಿ ನೋಡಿಲ್ಲ.

ಬಿರುಕು ಬಿಟ್ಟ ಪಿಂಗಾಣಿ ಡಿಸ್ಕ್, ತಂತಿ ಕಟ್ಟಿದ ಬೈಂಡಿಂಗ್ ಸಡಿಲವಾದದ್ದು, ಜಿ.ಓ.ಎಸ್. (ಕಂಬದ ಮೇಲಿನ ಸ್ವಿಚ್) ಬ್ಲೇಡ್ ಸರಿಯಾಗಿ ಕೂತಿಲ್ಲದ್ದು, ಗಾಳಿಪಟದ ದಾರ ಸುತ್ತಿಕೊಂಡದ್ದು, ಎಲ್ಲ ಕೆಳಗಿನಿಂದಲೇ ಕಾಣುತ್ತದೆ. ಒಂಬತ್ತು ಮೀಟರ್ ಕಂಬದ ತುದಿ ಒಂದು ಮಾರು ದೂರದಲ್ಲಿ ಇದ್ದಂತೆ. ಬರೀ ಈ ಕೆಲಸಕ್ಕೆ ಅಂದರೂ 9,200 ಸರಿಯೇ.

ಆದರೆ ನಾನು ಬರೆಯಲು ಕೂತಿದ್ದು ಆ ಎರಡು ವಾರದ ಬಗ್ಗೆ. ಹದಿನಾಲ್ಕು ವರ್ಷ ಇದೇ ತಂತಿ ಕೆಳಗೆ ಓಡಾಡಿದ್ದೇನೆ. ಇಷ್ಟು ವರ್ಷ ಗಿಡ್ಗ ಅಂತ ಒಂದೇ ಹೆಸರಿನಲ್ಲಿ ಮುಗಿಸಿದ್ದೆನಲ್ಲ, ಅದರಲ್ಲಿ ಎಷ್ಟು ಬೇರೆ ಬೇರೆ ಹಕ್ಕಿಗಳಿದ್ದವು!

ಬೆಳಿಗ್ಗೆ ಏಳಕ್ಕೆ ಸರ್ವಿಸ್ ವೈರ್ ಮೇಲೆ ಒಂದು ಬೆಳ್ಳನೆಯ ಹಕ್ಕಿ ದಿನಾ ಕೂರುತ್ತಿತ್ತು. ಪಾರಿವಾಳ ಅಂದುಕೊಂಡಿದ್ದೆ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಬೂದು ಬೆನ್ನು, ಹೆಗಲ ಮೇಲೆ ಮಸಿ ಬಳಿದಂತೆ ಕಪ್ಪು, ಮತ್ತು ಕಣ್ಣು ಕೆಂಪು. ಅಷ್ಟು ಕೆಂಪು ಕಣ್ಣನ್ನು ನಾನು ಯಾವ ಪ್ರಾಣಿಯಲ್ಲೂ ನೋಡಿರಲಿಲ್ಲ. ರಾಮದಾಸ ಹದ್ದು ಅಂತ ಇದರ ಹೆಸರು. ತೂಕ ಸುಮಾರು ಕಾಲು ಕೆ.ಜಿ. ಅಷ್ಟೇ. ಹೊಲದ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ, ಕಾಲು ಇಳಿಬಿಟ್ಟು ನಿಧಾನಕ್ಕೆ ಇಳಿಯುತ್ತದೆ, ಕೊನೆಗೆ ಧೊಪ್ ಅಂತ ಬೀಳುತ್ತದೆ. ಎದ್ದರೆ ಕಾಲಲ್ಲಿ ಇಲಿ.

ಕಡಲೆಕಾಯಿ ಬೆಳೆಯುವವರಿಗೆ ಇಲಿ ಎಂಥ ಶತ್ರು ಅಂತ ಹೇಳಬೇಕಿಲ್ಲ. ಆ ಹೊಲದ ತಾತ ಒಬ್ಬರು ನನ್ನ ಪಕ್ಕ ಬಂದು ನಿಂತರು. "ಏನಪ್ಪ ಅದು ದುರ್ಬೀನು? ನಮ್ ಕಂಬಕ್ ಏನಾಗೈತೆ?" ಅಂದರು. "ಕಂಬಕ್ಕೇನೂ ಆಗಿಲ್ಲ ತಾತ, ಹಕ್ಕಿ ನೋಡಿ" ಅಂತ ಕೈಗೆ ಕೊಟ್ಟೆ. ಅವರ ಕಣ್ಣಿಗೆ ಹೊಂದಿಸಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತುಂಬಾ ಹೊತ್ತು ಕೆಳಗಿಳಿಸಲೇ ಇಲ್ಲ. "ಅಯ್ಯೋ, ಕಣ್ಣು ಕೆಂಡ ಕಣಪ್ಪ" ಅಂದರು. ಅದು ಇಲಿ ಹಿಡಿದಾಗ "ಹೊಡೀತು, ಹೊಡೀತು!" ಅಂತ ಕೂಗಿದರು. ಆ ಹೊಲದಲ್ಲಿ ಇಲಿಗೆ ಪಾಷಾಣ ಇಡುತ್ತಿದ್ದರು. ವಿಷ ತಿಂದ ಇಲಿಯನ್ನು ಹಕ್ಕಿ ತಿಂದರೆ ಅದಕ್ಕೂ ವಿಷವೇ ಅಂತ ನಾನು ಹೇಳಿದೆ. ಆ ವರ್ಷದಿಂದ ಹೊಲದಲ್ಲಿ ನಾಲ್ಕು ಕಡೆ ಹಕ್ಕಿ ಕೂರಲು ಕವಲು ಕೋಲು ನೆಟ್ಟಿದ್ದಾರೆ. ನನಗೂ ಲಾಭವೇ, ಹಕ್ಕಿ ನಮ್ಮ ಕಂಬಕ್ಕೆ ಬರುವುದು ಅಷ್ಟು ಕಡಿಮೆ.

ಗಾಳಿಯಲ್ಲಿ ನಿಲ್ಲುವ ಇನ್ನೊಂದು ಹಕ್ಕಿ ಇದೆ, ಚಾಣ. ಇದು ಚಳಿಗಾಲದ ನೆಂಟ. ರಾಗಿ ಕೊಯ್ಲಿನ ಹೊತ್ತಿಗೆ ಇಲ್ಲಿ ಇರುತ್ತದೆ, ಬೇಸಿಗೆ ಬಂದರೆ ಇಲ್ಲ. ಬೆನ್ನು ಇಟ್ಟಿಗೆ ಬಣ್ಣ, ಮೇಲೆ ಕಪ್ಪು ಚುಕ್ಕೆ. ಇದನ್ನು ನೋಡುವಾಗ ತಲೆಯನ್ನು ಗಮನಿಸಿ. ರೆಕ್ಕೆ, ಬಾಲ, ಮೈ ಎಲ್ಲ ಗಾಳಿಗೆ ಅಲ್ಲಾಡುತ್ತಿರುತ್ತವೆ, ತಲೆ ಮಾತ್ರ ಮೊಳೆ ಹೊಡೆದಂತೆ ಒಂದೇ ಕಡೆ. ಬರಿಗಣ್ಣಿಗೆ ಇದು ಎಂದೂ ಕಾಣುತ್ತಿರಲಿಲ್ಲ. ನಾನು ಬದುವಿನ ಮೇಲೆ ನಿಂತು ನೋಡುತ್ತಾ ಟಿಫನ್ ಬಾಕ್ಸ್ ತೆಗೆಯುವುದನ್ನೇ ಮರೆತಿದ್ದೇನೆ.

66 ಕೆ.ವಿ. ಟವರ್ ಮೇಲೆ ಹಾವಿನ ಹದ್ದು ಜೀವಂತ ಸಿಕ್ಕಿತು. ಇನ್ನೂರು ಮೀಟರ್ ಇರಬಹುದು. ಕೊಕ್ಕಿನಿಂದ ಏನೋ ದಾರ ಜೋತು ಬಿದ್ದಿದೆ ಅನ್ನಿಸಿತು. ಫೋಕಸ್ ಮಾಡಿದೆ. ಹಾವಿನ ಬಾಲ. ಉಳಿದ ಹಾವು ಪೂರ್ತಿ ಒಳಗೆ ಹೋಗಿತ್ತು! ಇದು ಹಾವನ್ನು ತಲೆ ಕಡೆಯಿಂದ ನುಂಗುತ್ತದೆ. ಮರಿಗೆ ತರುವಾಗಲೂ ಹೀಗೇ ಬಾಲ ಹೊರಗೆ ಬಿಟ್ಟುಕೊಂಡು ಬರುತ್ತದೆ, ಮರಿ ಆ ಬಾಲ ಹಿಡಿದು ಗಂಟಲಿನಿಂದ ಎಳೆದುಕೊಂಡು ತಿನ್ನುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಇದು ಗೊತ್ತಾದ ಮೇಲೆ ಆ ಕಂಬದ ಬುಡದಲ್ಲಿ ಬಿದ್ದಿದ್ದದ್ದು ಮತ್ತೆ ನೆನಪಾಯಿತು. ಒಂದು ಸತ್ತರೆ ಅದರ ಜಾಗ ತುಂಬಲು ಎಷ್ಟು ವರ್ಷ ಬೇಕು.

ಮೈದನಹಳ್ಳಿಯ ಕೃಷ್ಣಮೃಗ ಮೀಸಲು ನಮ್ಮ ತಾಲ್ಲೂಕಿನಲ್ಲೇ ಇದೆ. 798 ಎಕರೆ ಹುಲ್ಲುಗಾವಲು. ಆ ಕಡೆ ಕೆಲಸ ಬಿದ್ದರೆ ಸಂಜೆಗೆ ಬೇಲಿ ಹೊರಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಚಳಿಗಾಲದಲ್ಲಿ ಹ್ಯಾರಿಯರ್ ಅನ್ನುವ ಹದ್ದುಗಳು ಮಧ್ಯ ಏಷ್ಯಾದಿಂದ ನಮ್ಮ ಹುಲ್ಲುಗಾವಲುಗಳಿಗೆ ಬರುತ್ತವೆ. ಹುಲ್ಲಿನ ಮೇಲೆ ಆಳೆತ್ತರದಲ್ಲಿ ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ತೇಲುತ್ತವೆ. ಗಂಡು ಬೂದಿ ಬಣ್ಣ, ಹೆಣ್ಣು ಕಂದು, ಸೊಂಟದ ಮೇಲೆ ಬಿಳಿ ಪಟ್ಟಿ. ರಾತ್ರಿ ಮರದಲ್ಲಿ ಕೂರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಆ ಹೊತ್ತಿನ ಮಂಕು ಬೆಳಕಲ್ಲಿ ಈ ಬೈನಾಕ್ಯುಲರಿನ ಗುಣ ಗೊತ್ತಾಗುತ್ತದೆ. ಬರಿಗಣ್ಣಿಗೆ ಬರೀ ಕತ್ತಲೆ ಅನ್ನಿಸಿದಾಗಲೂ ಗಾಜಿನಲ್ಲಿ ಇನ್ನೂ ಹತ್ತು ಹದಿನೈದು ನಿಮಿಷ ಬೆಳಕು ಉಳಿದಿರುತ್ತದೆ. ಹಳೆಯ ಕಲ್ಲು ಕ್ವಾರಿಯ ಅಂಚಲ್ಲಿ ಕೂತಿದ್ದ ಕೊಂಬಿನ ಗೂಬೆಯ ಕಿತ್ತಳೆ ಕಣ್ಣನ್ನೂ ಅಂಥ ಹೊತ್ತಲ್ಲೇ ನೋಡಿದ್ದು.

ಕೆರೆ ಮೇಲೆ ಗರುಡ ಹಾರಿದರೆ ನಮ್ಮಮ್ಮ ಇವತ್ತಿಗೂ ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತಾರೆ. ಅವರಿಗೂ ತೋರಿಸಿದೆ. ಬಿಳಿ ತಲೆ, ಬಿಳಿ ಎದೆ, ಕಾವಿ ಬಣ್ಣದ ಮೈ. "ಎಪ್ಪತ್ತು ವರ್ಷದಿಂದ ಕೈ ಮುಗೀತಿದೀನಿ, ಮುಖ ನೋಡಿದ್ದು ಇವತ್ತೇ" ಅಂದರು.

ಇನ್ನು ಇದರ ಕೊರತೆ. ತೂಕ 660 ಗ್ರಾಂ. ಕೇಳಲು ಕಡಿಮೆ, ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿಯುತ್ತದೆ. ಜೊತೆಗೆ ಕೊಡುವ ಪಟ್ಟಿ ತೆಳ್ಳಗಿದೆ, ಬೆವರಿಗೆ ಕೊರೆಯುತ್ತದೆ. ಎರಡೂ ಹೆಗಲಿಗೆ ಹಾಕುವ ಪಟ್ಟಿ ಬೇರೆ ತಂದೆ, 850 ರೂಪಾಯಿ. ಇದನ್ನು ಮೊದಲ ದಿನವೇ ತೆಗೆದುಕೊಳ್ಳಿ. ಮುಂದಿನ ಗಾಜಿನ ಮುಚ್ಚಳ ಎರಡೂ ತಿಂಗಳೊಳಗೆ ಕಳೆದುಹೋದವು, ಸಡಿಲ ಇವೆ. ಬಲಗಡೆ ರಬ್ಬರ್ ಬಟ್ಟಲು ವರ್ಷದ ಮೇಲೆ ಲೂಸ್ ಆಯಿತು. ಸರ್ವಿಸಿಗೆ ಕಳಿಸಿದರೆ ವಾಪಸ್ ಬರಲು ಆರು ವಾರ ಹಿಡಿಯಿತು. ಈ ಒಂದು ವಿಷಯಕ್ಕೆ ನನಗೆ ಬೇಜಾರಿದೆ.

ಆವಿ ಕಟ್ಟದಂತೆ ಒಳಗೆ ನೈಟ್ರೋಜನ್ ತುಂಬಿದ್ದೇ ಆಗಬೇಕು. ಮಳೆಗಾಲದಲ್ಲಿ ನಮ್ಮ ಕೆಲಸ ಜಾಸ್ತಿ. ನನ್ನದು ಎಷ್ಟೋ ಸಲ ನೆನೆದಿದೆ, ಒಳಗೆ ಒಂದು ಸಲವೂ ಆವಿ ಕಟ್ಟಿಲ್ಲ. ಧೂಳೇ ದೊಡ್ಡ ಶತ್ರು. ರಾಗಿ ಬಡಿಯುವ ಕಣದ ಪಕ್ಕ ಇಟ್ಟಿದ್ದೆ, ಫೋಕಸ್ ಚಕ್ರ ಕರಕರ ಅನ್ನತೊಡಗಿತು. ಗಾಜನ್ನು ಅಂಗಿ ಚುಂಗಿನಿಂದ ಒರೆಸಬೇಡಿ. ಮೊದಲು ಊದುವ ಬಲ್ಬಿನಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಬಟ್ಟೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಜಿಗೆ ಫಂಗಸ್ ಹಿಡಿಯುತ್ತದೆ.

ಏಪ್ರಿಲ್ ಬಿಸಿಲಲ್ಲಿ ಹನ್ನೊಂದರ ಮೇಲೆ ದೂರದ್ದು ನೋಡುವ ಆಸೆ ಬಿಡಿ. ನೆಲದಿಂದ ಏಳುವ ಝಳಕ್ಕೆ ಟವರೇ ನೀರಲ್ಲಿ ಅಲ್ಲಾಡಿದಂತೆ ಕಾಣುತ್ತದೆ. ಎಷ್ಟು ದುಡ್ಡಿನ ಬೈನಾಕ್ಯುಲರ್ ಆದರೂ ಅಷ್ಟೇ. ತಂತಿ ನೋಡುತ್ತಾ ನೋಡುತ್ತಾ ಸೂರ್ಯನ ಕಡೆ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಕಂಬ ಹತ್ತುವಾಗ ಕುತ್ತಿಗೆಯಲ್ಲಿ ಇಟ್ಟುಕೊಳ್ಳಬೇಡಿ, ಪಟ್ಟಿ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಾತು. ಊರೊಳಗೆ, ಮನೆಗಳ ಹತ್ತಿರ ಇದನ್ನು ಕಣ್ಣಿಗೆ ಹಿಡಿಯುವ ಮುಂಚೆ ಅಲ್ಲಿದ್ದವರಿಗೆ ಏನು ನೋಡುತ್ತೀನಿ ಅಂತ ಹೇಳಿ. ಬಚ್ಚಲು, ಬಾವಿ ಕಡೆ ಹೆಣ್ಣುಮಕ್ಕಳು ಇರುತ್ತಾರೆ. ನಾನು ಊರು ದಾಟುವ ತನಕ ಚೀಲದಿಂದ ತೆಗೆಯುವುದೇ ಇಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಜೋಡಿ ಕಂಬದ ಮೇಲೆ, ಜಿ.ಓ.ಎಸ್. ಪಕ್ಕದಲ್ಲೇ, ಮಾಮೂಲಿ ಹದ್ದಿನ ಗೂಡು ಕಂಡಿತು. ಮೊದಲಾದರೆ ಕೋಲು ಹಾಕಿ ಕೆಡವುತ್ತಿದ್ದೆವು, ಸುಳ್ಳು ಹೇಳುವುದಿಲ್ಲ. ಈ ಸಲ ನಲವತ್ತು ಮೀಟರ್ ದೂರ ನಿಂತು ನೋಡಿದೆ. ಗೂಡಿನ ಅಂಚಿನ ಮೇಲೆ ಬಿಳಿ ನೂಲಿನಂಥ ಎರಡು ತಲೆ. ಮರಿ ಇರುವ ಗೂಡು ಕೀಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಕಾನೂನು ಬಿಡಿ, ಆ ತಲೆಗಳನ್ನು ನೋಡಿದ ಮೇಲೆ ಕೈ ಬರುವುದಿಲ್ಲ. ಆದರೆ ಗೂಡಿನಿಂದ ಒಂದು ಬೈಂಡಿಂಗ್ ವೈರ್ ಜಂಪರ್ ಕಡೆಗೆ ಜೋತು ಬಿದ್ದಿತ್ತು. ಅದು ತಾಗಿದರೆ ಗೂಡೂ ಹೋಗುತ್ತದೆ, ಮರಿಯೂ ಹೋಗುತ್ತದೆ, ಊರಿನ ಕರೆಂಟೂ ಹೋಗುತ್ತದೆ.

ಎಸ್.ಓ. ಸಾಹೇಬರು ಒಪ್ಪಿದರು. ಎಲ್.ಸಿ. ತೆಗೆದುಕೊಂಡು, ಎರಡೂ ಕಡೆ ಅರ್ಥ್ ಮಾಡಿ, ನಾನು ಹತ್ತಿದೆ. ಅದಕ್ಕೂ ಮುಂಚೆ ಅರ್ಧ ಗಂಟೆ ನೋಡಿ, ಒಂದು ಹದ್ದು ಹುಣಸೆ ಮರದ ಒಣ ಕೊಂಬೆಯಲ್ಲಿ ಕೂರುತ್ತದೆ, ಅಲ್ಲಿಂದಲೇ ಎದ್ದು ಬರುತ್ತದೆ ಅಂತ ತಿಳಿದುಕೊಂಡಿದ್ದೆ. ಜೊತೆಯ ಹುಡುಗ ಕೆಳಗೆ ನಿಂತು ಆ ಮರದ ಮೇಲೇ ಕಣ್ಣಿಟ್ಟಿದ್ದ. "ಅಣ್ಣ, ಎದ್ತು! ಹಿಂದಿಂದ ಬತ್ತೈತೆ!" ಅಂತ ಕೂಗಿದ. ತಲೆ ತಗ್ಗಿಸಿದೆ. ಉಗುರು ಹೆಲ್ಮೆಟ್ ಮೇಲೆ ಗೀರಿ ಹೋಯಿತು. ಎರಡನೇ ಸಲ ಬಂದಾಗ ಅದರ ಕಡೆಗೆ ಮುಖ ತಿರುಗಿಸಿದೆ. ಮುಖ ಕಂಡರೆ ಅದು ಮೇಲೇ ಹಾದು ಹೋಗುತ್ತದೆ, ಬೆನ್ನು ಕಂಡರೆ ಹೊಡೆಯುತ್ತದೆ. ವೈರ್ ಮಾತ್ರ ಕತ್ತರಿಸಿ, ಜಂಪರಿಗೆ ಪೈಪ್ ಹಾಕಿ, ಎಂಟು ನಿಮಿಷದಲ್ಲಿ ಇಳಿದೆ. ಕೈ ನಡುಗುತ್ತಿತ್ತು. ಆ ಹಕ್ಕಿಯ ಮೇಲೆ ಒಂದು ಚೂರೂ ಕೋಪ ಬರಲಿಲ್ಲ.

ಆಮೇಲೆ ದಿನಾ ರಸ್ತೆಯಿಂದಲೇ ನೋಡುತ್ತಿದ್ದೆ. ಬಿಳಿ ನೂಲು ಉದುರಿ ಕಂದು ಗರಿ ಬಂತು. ಮಾರ್ಚ್ ಕೊನೆಗೆ ಒಂದು ಮರಿ ಕ್ರಾಸ್ ಆರ್ಮ್ ಮೇಲೆ ನಿಂತು ರೆಕ್ಕೆ ಬಡಿಯಿತು. ಉಸಿರು ಬಿಗಿ ಹಿಡಿದು ನೋಡಿದೆ. ರೆಕ್ಕೆ ತುದಿ ಪೈಪಿಗೆ ತಾಗಿತು. ಏನೂ ಆಗಲಿಲ್ಲ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಎರಡೂ ಹಾರಿದ್ದವು.

ಮೇ ತಿಂಗಳಲ್ಲಿ ಖಾಲಿ ಗೂಡು ಇಳಿಸಿದೆವು. ಜಾಲಿ ಕಡ್ಡಿ, ಸೀರೆ ಚೂರು, ಗೊಬ್ಬರದ ಚೀಲದ ದಾರ, ಬೈಂಡಿಂಗ್ ವೈರ್ ಮೂರು ಮೀಟರ್, ಒಂದು ಮಗುವಿನ ಕಾಲುಚೀಲ. ಮಗಳು ಎಲ್ಲವನ್ನೂ ಜಗುಲಿ ಮೇಲೆ ಹರಡಿ ಚಿತ್ರ ಬರೆದಳು. ಈ ಜನವರಿಯಲ್ಲಿ ಒಂದು ಜೋಡಿ ಅದೇ ಹುಣಸೆ ಮರಕ್ಕೆ ಕಡ್ಡಿ ಹೊರುತ್ತಿದೆ. ಕಂಬದಿಂದ ಅರವತ್ತು ಮೀಟರ್ ಆಚೆ. ಎಂಟು ಪಟ್ಟಿಗೆ ಚೆನ್ನಾಗಿ ಕಾಣುತ್ತದೆ.